ಕಾಗದಕ್ಕೆ ದನಿ ಇಲ್ಲ

(ಧಾರವಾಡದಲ್ಲಿ ಒಂದು ಸಂಜೆ ಕಿರಿಯ ವಕೀಲರು ಮತ್ತು ಅವರ ಮನೆಯವರು ಸೇರಿದ್ದಾಗ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಕೆಮ್ಮಿದ್ದು, ನೀರು ಕುಡಿದದ್ದು, ಮೈಕು ಕಿರುಚಿದ್ದು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಕೀಲನನ್ನು ಕರೆದು ಮೈಕು ಕೊಡುವುದು, ಅದೂ ಫೀಸು ಕೊಡದೆ, ಧೈರ್ಯದ ಕೆಲಸ. ಸಂಘಟಕರು ಮುಕ್ಕಾಲು ತಾಸು ಅಂದಿದ್ದಾರೆ. ನಮ್ಮ ಕಸುಬಿನಲ್ಲಿ ಮುಕ್ಕಾಲು ತಾಸು ಮುಂದಿನ ತಾರೀಖು ಕೇಳೋಕೂ ಸಾಲುವುದಿಲ್ಲ. ಆದರೂ ನೋಡೋಣ.

ವಿಷಯ: ಭಾಷೆ, ಕಾನೂನು ಮತ್ತು ದಿನನಿತ್ಯದ ಬದುಕು. ಸಂಘಟಕರು ಫೋನ್ ಮಾಡಿದಾಗ ಕೊನೆಯದು ‘ದಿನನಿತ್ಯದ ಜಗಳ’ ಅಂತಿತ್ತು. ಆಮಂತ್ರಣದಲ್ಲಿ ಅಚ್ಚು ಹಾಕಿಸುವಾಗ ‘ಬದುಕು’ ಆಗಿದೆ. ಎರಡೂ ಒಂದೇ, ಅದಕ್ಕೆ ನಾನೂ ತಕರಾರು ತೆಗೆಯಲಿಲ್ಲ.

ನಾನು ಹೇಳಬೇಕಾಗಿರುವುದು ಒಂದೇ ಮಾತು. ನಾವು ಈ ಕಡೆಯ ಮಂದಿ ಬದುಕುವುದು ದನಿಯ ಮೇಲೆ. ಕೋರ್ಟು ಬದುಕುವುದು ಕಾಗದದ ಮೇಲೆ. ಕಾಗದಕ್ಕೆ ದನಿ ಇಲ್ಲ. ನಮ್ಮ ಕೋರ್ಟು ಕಚೇರಿಗಳಲ್ಲಿ ಹುಟ್ಟುವ ನಗು, ತಲೆನೋವು ಎರಡಕ್ಕೂ ಮೂಲ ಅಲ್ಲೇ ಇದೆ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಹೊತ್ತು ನಿಂತು ನೋಡಿ. ಒಬ್ಬ ಮಿರ್ಚಿ ತಿನ್ನುತ್ತಾ ನಿಂತಿರುತ್ತಾನೆ. ಹಿಂದಿನಿಂದ ಇನ್ನೊಬ್ಬ ಬಂದು ಬೆನ್ನಿಗೆ ಒಂದು ಬಾರಿಸುತ್ತಾನೆ.

“ಲೇ ಮಗನ, ಎಲ್ಲಿ ಸತ್ತಿದ್ದೀಲೇ ಇಷ್ಟ್ ದಿನಾ?”

“ಬಾರಲೇ ಕಳ್ಳ, ನಿನ್ನ ಸಲುವಾಗೇ ನಿಂತೀನಿ.”

ಇಬ್ಬರೂ ತಬ್ಬಿಕೊಳ್ಳುತ್ತಾರೆ. ಇನ್ನೊಂದು ಪ್ಲೇಟು ಹೇಳುತ್ತಾರೆ. ರೊಕ್ಕ ನಾ ಕೊಡ್ತೀನಿ, ನಾ ಕೊಡ್ತೀನಿ ಅಂತ ಕಿತ್ತಾಡುತ್ತಾರೆ. ಈ ಭಾಗದಲ್ಲಿ ಇದಕ್ಕಿಂತ ದೊಡ್ಡ ಪ್ರೀತಿ ಇಲ್ಲ.

ಈಗ ಇದೇ ಘಟನೆ ಪೊಲೀಸ್ ಠಾಣೆಗೆ ಹೋಯಿತು ಅಂತ ಇಟ್ಟುಕೊಳ್ಳಿ. ಆ ಇಬ್ಬರ ನಡುವೆ ಆರು ತಿಂಗಳ ಮೇಲೆ ಏನೋ ಕೆಟ್ಟಿತು, ಹಳೆಯದನ್ನೆಲ್ಲ ಸೇರಿಸಿ ಒಬ್ಬ ಫಿರ್ಯಾದಿ ಕೊಟ್ಟ. ಕಾಗದದಲ್ಲಿ ಹೀಗೆ ಬರುತ್ತದೆ:

“ಸದರಿ ದಿವಸ ಸಾಯಂಕಾಲ ಫಿರ್ಯಾದಿದಾರನು ಅಲ್ಪೋಪಾಹಾರ ಸೇವಿಸುತ್ತಾ ನಿಂತಿದ್ದಾಗ, ನಮೂದಿತ ಆರೋಪಿತನು ಒಮ್ಮಿಂದೊಮ್ಮೆಲೆ ಬಂದವನೇ ‘ಲೇ ಮಗನೇ, ಎಲ್ಲಿ ಸತ್ತಿದ್ದಿ’ ಅಂತಾ ಅವಾಚ್ಯ ಶಬ್ದಗಳಿಂದ ಬೈದಾಡಿ, ಕೈಯಿಂದ ಬೆನ್ನಿಗೆ ಹೊಡಿಬಡಿ ಮಾಡಿ...”

ಒಂದು ಶಬ್ದವೂ ಸುಳ್ಳಲ್ಲ ನೋಡಿ. ಬಂದದ್ದು ಖರೆ, ಅಂದದ್ದು ಖರೆ, ಬೆನ್ನಿಗೆ ಹೊಡೆದದ್ದೂ ಖರೆ. ಮಿರ್ಚಿ ಮಾತ್ರ ಅಲ್ಪೋಪಾಹಾರ ಆಗಿದೆ. ನಗು ಇತ್ತಲ್ಲ, ಅದು ಎಲ್ಲಿ ಹೋಯಿತು? ಅದನ್ನು ಬರೆಯೋಕೆ ಆ ನಮೂನೆಯಲ್ಲಿ ಕಾಲಂ ಇಲ್ಲ.

ಕಾನೂನಿಗೂ ಇದು ಗೊತ್ತಿಲ್ಲ ಅಂತಲ್ಲ. ಹಳೇ ದಂಡ ಸಂಹಿತೆಯ 504, ಈಗಿನ ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಂ ಓದಿ. ಬರೀ ಬೈದರೆ ಅಪರಾಧ ಆಗುವುದಿಲ್ಲ. ಬೈಸಿಕೊಂಡವನು ಕೆರಳಿ ಶಾಂತಿ ಕದಡಬೇಕು ಅಂತಲೇ ಬೈದಿರಬೇಕು, ಇಲ್ಲವೇ ಹಾಗಾಗಬಹುದು ಅಂತ ಗೊತ್ತಿದ್ದೂ ಬೈದಿರಬೇಕು. 2013ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಬಿಡಿಸಿ ಹೇಳಿತು. ಈ ಅಳತೆ ಇಟ್ಟರೆ ಹುಬ್ಬಳ್ಳಿಯವನನ್ನು ‘ಮಗನ’ ಅಂದು ಕೆರಳಿಸುವುದು ಕಷ್ಟದ ಕೆಲಸ.

ಅವನನ್ನು ಕೆರಳಿಸಬೇಕಾ? ಮರ್ಯಾದೆ ಕೊಡಿ. ಇಪ್ಪತ್ತು ವರ್ಷದ ಗೆಳೆಯ ಒಂದು ದಿನ ‘ಲೇ’ ಬಿಟ್ಟು ‘ನೀವು’ ಅಂತ ಶುರು ಮಾಡಿದರೆ ಮುಗೀತು, ಸಂಬಂಧ ಕಡಿಯಿತು. “ಆತು ಬಿಡ್ರೆಪಾ, ನೀವು ದೊಡ್ಡವ್ರು” ಅನ್ನುವ ಮಾತು ಇದೆಯಲ್ಲ, ಧಾರವಾಡ ಜಿಲ್ಲೆಯಲ್ಲಿ ಅದಕ್ಕಿಂತ ಖಾರದ ಬೈಗುಳ ಇಲ್ಲ. ಇದನ್ನು ಕೇಳಿ ಎಷ್ಟು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಎಷ್ಟು ಬೀಗರು ಊಟಕ್ಕೆ ಕೂತವರು ಎದ್ದು ಹೋಗಿದ್ದಾರೆ! ಠಾಣೆಗೆ ಹೋಗಿ “ಸಾಹೇಬ್ರ, ಅಂವ ನನಗ ದೊಡ್ಡವ್ರು ಅಂದ” ಅಂತ ಹೇಳಿ ನೋಡಿ. ಬರೆದುಕೊಳ್ಳುವುದು ಹಾಗಿರಲಿ, ನೀರು ಕುಡಿಸಿ ಮನೆಗೆ ಕಳಿಸುತ್ತಾರೆ.

ಠಾಣೆಯಿಂದ ಕೋರ್ಟಿಗೆ ಬನ್ನಿ. ಇಲ್ಲಿ ಕಾಗದದ ಕನ್ನಡ ಇನ್ನೂ ಒಂದು ಮಜಲು ಮೇಲೆ. ಪಾಟೀಸವಾಲು ನೋಡದವರಿಗೆ ಹೇಳ್ತೀನಿ. ಎದುರು ಪಕ್ಷದ ವಕೀಲ ಪ್ರಶ್ನೆ ಕೇಳುತ್ತಾನೆ, ಸಾಕ್ಷಿ ಉತ್ತರ ಹೇಳುತ್ತಾನೆ. ಆದರೆ ಕಡತದಲ್ಲಿ ಸಾಮಾನ್ಯವಾಗಿ ಪ್ರಶ್ನೆ ಒಂದು, ಉತ್ತರ ಒಂದು ಅಂತ ಇರುವುದಿಲ್ಲ. ಎರಡನ್ನೂ ಕೂಡಿಸಿ ಸಾಕ್ಷಿಯೇ ಒಂದೇ ಉಸಿರಿನಲ್ಲಿ ಹೇಳಿದ ಹಾಗೆ ಬರೆಯುತ್ತಾರೆ. ಬಾಲಕ್ಕೆ ‘ಎಂದರೆ ಸರಿ’ ಅಥವಾ ‘ಎಂದರೆ ಸರಿಯಲ್ಲ’ ಅಂಟಿರುತ್ತದೆ.

ನವಲಗುಂದದ ಕಡೆಯ ಒಂದು ಬದುವಿನ ವ್ಯಾಜ್ಯ ಅಂದುಕೊಳ್ಳಿ. ಎರಡು ಹೊಲ, ನಡುವೆ ಒಂದು ಬದು, ಆ ಬದು ವರ್ಷ ವರ್ಷ ನಡೆಯುತ್ತದೆ. ಎರೆ ಭೂಮಿಯ ಬದು ನಡೆಯುವಷ್ಟು ನಮ್ಮ ಕೇಸು ನಡೆಯುವುದಿಲ್ಲ. ಸಾಕ್ಷಿ ಒಬ್ಬ ಹಿರಿಯ. ಊರು, ಹೆಸರು, ಕೇಸು ಎಲ್ಲ ಕಲಸಿ ಹೇಳುತ್ತಿದ್ದೇನೆ, ಯಾರೂ ತಮ್ಮ ಕಾಕಾನ್ನ ಹುಡುಕಬೇಡಿ.

“ಕಾಕಾ, ಪ್ರತಿವಾದಿ ನಿಮಗ ಯಾವಾಗಿಂದ ಗೊತ್ತು?”

“ಅಂವಾ ಹುಟ್ಟಿದಾಗಿಂದ್ರಿ. ಅವರವ್ವನ ಬಾಣಂತನ ಮಾಡಿದಾಕಿನ ನಮ್ಮಾಕಿ.”

ಕಡತದಲ್ಲಿ: “ಪ್ರತಿವಾದಿಯ ಪರಿಚಯ ನನಗೆ ಇದೆ.”

“ಹಂಗಾರ ನಿಮಗೂ ಅವಂಗೂ ಛಲೋ ಐತಿ ಅನ್ರಿ.”

“ಛಲೋ ಅಂದ್ರ... ಐತ್ರಿ. ಬದುವಿನ ಮಾತ್ ಬಂದ್ರ ಇಲ್ಲ.”

ಕಡತದಲ್ಲಿ: “ನನಗೂ ಪ್ರತಿವಾದಿಗೂ ವೈಮನಸ್ಸು ಇದೆ ಎಂದರೆ ಸರಿಯಲ್ಲ. ಸಾಕ್ಷಿಯು ಮುಂದುವರೆದು, ಬದುವಿನ ವಿಷಯ ಹೊರತುಪಡಿಸಿ ಎಂದು ನುಡಿಯುತ್ತಾರೆ.”

“ದಿನಾ ಹೊಲಕ್ಕ ಹೋಗ್ತೀರೇನು?”

“ಹೋಗದ ಏನ್ ಮಾಡ್ಲ್ರೀ? ಮನ್ಯಾಗ ಸೊಸಿ ಅದಾಳ.”

ಕಡತದಲ್ಲಿ: “ನಾನು ದಿನಾಲು ಹೊಲಕ್ಕೆ ಹೋಗುತ್ತೇನೆ ಎಂದರೆ ಸರಿ.” ಸೊಸೆ ಕಡತಕ್ಕೆ ಬರಲಿಲ್ಲ. ನನ್ನ ಕೇಳಿದರೆ ಇಡೀ ಸಾಕ್ಷ್ಯದಲ್ಲಿ ತಿರುಳು ಇದ್ದದ್ದು ಆ ಸೊಸೆಯಲ್ಲಿ. ಆತ ದಿನಾ ಹೊಲದಲ್ಲಿ ಯಾಕಿರುತ್ತಾನೆ, ಬದುವಿನ ಮೇಲೆ ಅಷ್ಟು ಕಣ್ಣು ಯಾಕೆ ಅನ್ನುವುದಕ್ಕೆ ಬೇರೆ ಕಾರಣ ಬೇಕಾಗಿರಲಿಲ್ಲ.

ಕೊನೆಗೆ ಪ್ರತಿಯೊಬ್ಬ ವಕೀಲನೂ ಪ್ರತಿಯೊಬ್ಬ ಸಾಕ್ಷಿಗೂ ಕೇಳಲೇಬೇಕಾದ ಪ್ರಶ್ನೆ ಬರುತ್ತದೆ.

“ನೀವು ವಾದಿ ಸಲುವಾಗಿ ಸುಳ್ಳು ಸಾಕ್ಷಿ ಹೇಳಾಕತ್ತೀರಿ ಅಂತ ನಾ ಅಂತೀನಿ.”

“ಅನ್ರಿ. ನಿಮ್ಮ ಉದ್ಯೋಗನ ಅದ ಅಲ್ರೀ.”

ಕೋರ್ಟು ಹಾಲು ಪೂರ್ತಿ ನಕ್ಕಿತು. ಕಡತದಲ್ಲಿ: “ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.”

ಮುಂದೆ ಅಪೀಲಿಗೆ ಹೋದಾಗ ಮೇಲಿನ ಜಡ್ಜರು ಓದುವುದು ಈ ಸಾಲನ್ನೇ. ಆ ಕಾಕಾ ಕಟಕಟೆಯ ಮೇಲೆ ಕೈ ಊರಿ ನಿಂತದ್ದು, ‘ಐತ್ರಿ’ ಅನ್ನೋ ಮುಂಚೆ ಎರಡು ಗಳಿಗೆ ಸುಮ್ಮನಾದದ್ದು ಅವರಿಗೆ ಕಾಣುವುದಿಲ್ಲ. ಕಾನೂನು ಮಾಡಿದವರಿಗೆ ಈ ಕೊರತೆ ಗೊತ್ತಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 18ನೇ ಆದೇಶ, 12ನೇ ನಿಯಮ ಅಂತ ಒಂದಿದೆ. ಸಾಕ್ಷಿಯ ಹಾವಭಾವದ ಬಗ್ಗೆ ಅನಿಸಿದ್ದನ್ನು ಜಡ್ಜರು ಬರೆದಿಡಬಹುದು ಅಂತ ಅದು ಹೇಳುತ್ತದೆ. ಸಾಕ್ಷಿಯ ಮುಖ ನೋಡಿದ ಕೆಳಗಿನ ಕೋರ್ಟಿನ ಮಾತಿಗೆ ಮೇಲಿನ ಕೋರ್ಟು ತೂಕ ಕೊಡುವುದೂ ಇದೇ ಕಾರಣಕ್ಕೆ. ಒಳ್ಳೆಯ ನಿಯಮ. ಬಳಸಿದ್ದನ್ನು ನಾನು ಕಂಡದ್ದು ಕಡಿಮೆ. ನಮ್ಮವರ ಹಾವಭಾವ ಬರೆಯೋಕೆ ಕೂತರೆ ಒಂದು ಸಾಕ್ಷಿಗೆ ಒಂದು ವಾರ ಬೇಕು. ನಾವು ಗೋಣು ಆಡಿಸುವುದರಲ್ಲೇ ಹೌದು, ಇಲ್ಲ, ಇರಬಹುದು, ನನ್ಯಾಕ ಕೇಳ್ತಿ, ನಿಮ್ಮಪ್ಪನ ಕೇಳು, ಇಷ್ಟೂ ಇದೆ. ಟೈಪಿಸ್ಟು ಬೆರಳು ಎತ್ತಿ ಹಿಡಿದು ಜಡ್ಜರ ಮುಖ ನೋಡುತ್ತಾನೆ: “ಏನಂತ ಹೊಡೀಲಿ ಸರ್?”

ಇನ್ನು ಮನೆಗೆ ಬನ್ನಿ. ಇಲ್ಲಿ ಕೂತಿರುವ ತಾಯಂದಿರು ದಯವಿಟ್ಟು ಗಾಬರಿಯಾಗಬಾರದು. “ಕಾಲ್ ಮುರ್ದ್ ಕೈಯಾಗ ಕೊಡ್ತೀನಿ”, “ಕೊಂದ್ ಹಾಕ್ತೀನಿ ನೋಡ್ ಇವತ್ತ” ಅಂತ ದಿನಾ ಸಂಜೆ ಪ್ರತಿ ಓಣಿಯಲ್ಲಿ ಕೇಳುತ್ತದೆ. ಬರೆದು ನೋಡಿದರೆ ಪೂರ್ತಿ ಕ್ರಿಮಿನಲ್ ಬೆದರಿಕೆ. 351ನೇ ಕಲಂ. ಅದೂ ಸಾಕ್ಷಿ ಸಮೇತ, ಬಾಜೂ ಮನೆಯವರೆಲ್ಲ ಕೇಳಿರುತ್ತಾರೆ. ಆರೋಪಿತಳು ಐದೇ ನಿಮಿಷಕ್ಕೆ ಫಿರ್ಯಾದಿದಾರನಿಗೆ ರೊಟ್ಟಿ ಬಡಿದು ತುಪ್ಪ ಹಚ್ಚಿ ಕೊಡುತ್ತಿರುತ್ತಾಳೆ.

ಇಂಥದ್ದಕ್ಕೆ ಅಂತಲೇ ಕಾನೂನಿನಲ್ಲಿ ನನಗೆ ಬಹಳ ಸೇರುವ ಒಂದು ಕಲಂ ಇದೆ. ಹಳೆಯ 95, ಹೊಸದರಲ್ಲಿ 33. ಸಾಧಾರಣ ಬುದ್ಧಿ, ಸಾಧಾರಣ ಸಿಟ್ಟಿನ ಮನುಷ್ಯ ದೂರು ಕೊಡದಷ್ಟು ಸಣ್ಣ ತೊಂದರೆಯಾದರೆ ಅದು ಅಪರಾಧವೇ ಅಲ್ಲ. 1837ರಲ್ಲಿ ಮೆಕಾಲೆ ಮತ್ತು ಅವನ ಜೊತೆಯವರು ದಂಡ ಸಂಹಿತೆಯ ಕರಡು ಬರೆದಾಗ ಇದಕ್ಕೆ ಕಾರಣ ಕೊಟ್ಟಿದ್ದರು. ಅಕ್ಷರ ಹಿಡಿದು ನೋಡಿದರೆ ಇನ್ನೊಬ್ಬನ ಮಸಿಯಲ್ಲಿ ಲೇಖನಿ ಅದ್ದುವುದೂ ಕಳ್ಳತನ. ಕುದುರೆ ಓಡಿಸಿ ಒಬ್ಬನ ಮೇಲೆ ಧೂಳು ಎಬ್ಬಿಸಿದರೆ ಹಲ್ಲೆ. ಗಾಡಿ ಹತ್ತುವಾಗ ಒತ್ತಿದರೆ ಗಾಯ. ಇದನ್ನೆಲ್ಲ ಶಿಕ್ಷೆಗೆ ಎಳೆಯಬಾರದು ಅಂದರು. ಪುಣ್ಯಾತ್ಮರು ಹುಬ್ಬಳ್ಳಿಗೆ ಬಂದಿರಲಿಕ್ಕಿಲ್ಲ, ಆದರೆ ಬರೆದದ್ದು ನಮಗೇ. ಈ ಕಲಂ ಇಲ್ಲದಿದ್ದರೆ ಹುಬ್ಬಳ್ಳಿ ಧಾರವಾಡದ ನಡುವೆ ಧೂಳಿಗೇ ಒಂದು ವಿಶೇಷ ನ್ಯಾಯಾಲಯ ಬೇಕಾಗುತ್ತಿತ್ತು. ಆಫೀಸಿನ ಹೊತ್ತಿಗೆ ಚಿಗರಿ ಬಸ್ಸು ಹತ್ತಿದವರೆಲ್ಲ ಜಾಮೀನಿನ ಮೇಲೆ ಇರುತ್ತಿದ್ದೆವು.

ಕಲಮುಗಳ ಮಾತು ಬಂತು, ನಂಬರಿನ ಗೋಳೂ ಹೇಳಿಬಿಡ್ತೀನಿ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದವು. ಕಿರಿಯರು ಪಟಪಟ ಕಲಿತುಬಿಟ್ಟಿರಿ. ಮಂದಿ ಕಲಿತಿಲ್ಲ, ಕಲಿಯುವುದೂ ಇಲ್ಲ. ಯಾಕಂದರೆ ಕೆಲವು ನಂಬರಿಗೆ ಮಂದಿಯೇ ದನಿ ಕೊಟ್ಟುಬಿಟ್ಟಿದ್ದಾರೆ. “ಅಂವ ಫೋರ್ ಟ್ವೆಂಟಿ ಅದಾನ” ಅಂದರೆ ಅದರಲ್ಲಿ ಮೋಸ ಇದೆ, ತಿರಸ್ಕಾರ ಇದೆ, ಸ್ವಲ್ಪ ಮೆಚ್ಚುಗೆನೂ ಇದೆ. ಈಗ ವಂಚನೆ 318ನೇ ಕಲಮಿನ 4ನೇ ಉಪಕಲಮಿಗೆ ಹೋಗಿದೆ. “ಅಂವ ಮುನ್ನೂರಾ ಹದಿನೆಂಟು ಕಂಸದಾಗ ನಾಕು ಅದಾನ” ಅಂದು ನೋಡಿ, ಬೈಸಿಕೊಂಡವನೇ ಅರ್ಥ ಕೇಳುತ್ತಾನೆ. ಹೊಸ ನ್ಯಾಯ ಸಂಹಿತೆ 358ಕ್ಕೇ ಮುಗಿಯುತ್ತದೆ. 420 ಅನ್ನುವ ಕಲಮೇ ಅದರಲ್ಲಿ ಇಲ್ಲ. ಮನೆ ಕೆಡವಿದರೂ ವಿಳಾಸ ಉಳಿದಿದೆ.

302 ಅಂದರೆ ಕೊಲೆ ಅಂತ ಸಣ್ಣ ಹುಡುಗರಿಗೂ ಗೊತ್ತಿತ್ತು. ಈಗ ಕೊಲೆ 103. ಹೊಸ 302 ಅಂದರೆ ಬೇಕಂತಲೇ ಇನ್ನೊಬ್ಬರ ಧಾರ್ಮಿಕ ಭಾವನೆ ನೋಯಿಸುವ ಮಾತಾಡುವುದು. ಎಲ್ಲಕ್ಕಿಂತ ಮಜಾ 144ರದ್ದು. ಜನ ಗುಂಪು ಕೂಡಬಾರದು ಅನ್ನುವ ಹುಕುಂ ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ರಲ್ಲಿ ಇದೆ. ಅದೇ ಸಂಹಿತೆಯ 144ರಲ್ಲಿ ಏನಿದೆ? ಹೆಂಡತಿ, ಮಕ್ಕಳು, ತಂದೆತಾಯಿಗೆ ಜೀವನಾಂಶ. ಇನ್ನು ಮುಂದೆ “ಊರಾಗ ಒಂದ್‌ನೂರಾ ನಲವತ್ನಾಕು ಹಾಕ್ಯಾರ” ಅಂತ ಯಾರಾದರೂ ಅಂದರೆ, ಊರಿನ ಗಂಡಸರೆಲ್ಲ ಹೆಂಡಂದಿರಿಗೆ ತಿಂಗಳು ತಿಂಗಳು ರೊಕ್ಕ ಕಟ್ಟಬೇಕು ಅಂತ ಅರ್ಥ. (ಇಲ್ಲಿ ಹಿಂದಿನ ಸಾಲಿನ ಹೆಣ್ಣುಮಕ್ಕಳು ಚಪ್ಪಾಳೆ ಹೊಡೆದರು.)

ಆಸ್ತಿ ಕಾಗದಕ್ಕೆ ಬರೋಣ. ಇದು ನಮ್ಮ ಭಾಗದವರ ನಿಜವಾದ ಸಾಹಿತ್ಯ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಬಾಂಡ್ ಬರೆಯುವವರು ಇರುತ್ತಾರಲ್ಲ, ಅವರ ಕೈಯಲ್ಲಿ ಚಾಲುಕ್ಯರ ಕಾಲದ ಕನ್ನಡ ಇನ್ನೂ ಜೀವ ಹಿಡಿದಿದೆ. ಮೂವತ್ತು ನಲವತ್ತರ ಒಂದು ಸೈಟು ಮಾರುತ್ತಿರುತ್ತಾರೆ. ಪತ್ರದಲ್ಲಿ “ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ಸಹಿತ” ಅಂತ ಬರೆದಿರುತ್ತದೆ. ಶಾಸನಗಳಲ್ಲಿ ರಾಜರು ಊರಿಗೆ ಊರೇ ದಾನ ಕೊಡುವಾಗ ಬರೆಸುತ್ತಿದ್ದ ಮಾತಿದು. ನಿಮ್ಮ ಸೈಟಿನಲ್ಲಿ ಜಲ ಅಂದರೆ ವಾರಕ್ಕೆ ಒಮ್ಮೆ ಬರುವ ನಳದ ನೀರು. ಪಾಷಾಣ ಅಂದರೆ ಬಾಜೂ ಮನೆಯವನು ಕಟ್ಟಡ ಕಟ್ಟಿ ಉಳಿದದ್ದನ್ನು ತಂದು ಸುರಿದ ರಾಶಿ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಬೇರೆ ಕಾನೂನೇ ಇದೆ, ಅದನ್ನು ಮಾರೋಕೂ ಬರುವುದಿಲ್ಲ. ಆದರೂ ಓದುವಾಗ ಕೊಂಡವನ ಎದೆ ಉಬ್ಬುತ್ತದೆ. ಸಾಲ ತೀರುವ ತನಕ ಅವನಿಗೆ ಅಷ್ಟಾದರೂ ಬೇಕಲ್ಲ.

ಗದಗದ ಕಡೆಯವರು ಇಲ್ಲಿ ಇದ್ದೀರಿ. ಲಕ್ಕುಂಡಿ, ಡಂಬಳದ ಕಡೆ ಹೋದರೆ ಶಾಸನದ ಕಲ್ಲು ನಿಂತಿರುವುದು ನೋಡಿರುತ್ತೀರಿ. ದಾನಶಾಸನಗಳ ಕೊನೆಯಲ್ಲಿ ಬಹಳ ಸಲ ಒಂದು ಸಂಸ್ಕೃತ ಶ್ಲೋಕ ಇರುತ್ತದೆ. ತಾನು ಕೊಟ್ಟದ್ದಿರಲಿ, ಬೇರೆಯವರು ಕೊಟ್ಟದ್ದಿರಲಿ, ದಾನದ ಭೂಮಿ ಕಸಿದವನು 60,000 ವರ್ಷ ಹೇಲಿನಲ್ಲಿ ಹುಳವಾಗಿ ಹುಟ್ಟುತ್ತಾನೆ ಅಂತ. ಜಾಮೀನಿಲ್ಲ, ಪೆರೋಲಿಲ್ಲ, ಸನ್ನಡತೆ ಅಂತ ಬೇಗ ಬಿಡುವುದೂ ಇಲ್ಲ. ಜಾರಿ ಮಾಡೋಕೆ ಕೋರ್ಟಿನ ಅಮೀನನೂ ಬೇಡ. ಕೋರ್ಟಿಲ್ಲದ ಕಡೆ ಬರೀ ಭಾಷೆಯಿಂದಲೇ ಹೊಲ ಕಾಯಿಸಿದ್ದಾರೆ ನಮ್ಮ ಹಿರಿಯರು. ಅದು ಪೂರ್ತಿ ನಿಂತಿತು ಅಂದುಕೊಳ್ಳಬೇಡಿ. ಊರ ಗೋಡೆಗಳ ಮೇಲೆ “ಇಲ್ಲಿ ಮೂತ್ರ ಮಾಡುವವನು ಕತ್ತೆ” ಅಂತ ಬರೆದು, ಓದು ಬಾರದವರಿಗೆ ಅಂತ ಪಕ್ಕಕ್ಕೆ ಚಿತ್ರನೂ ಬಿಡಿಸಿರುತ್ತಾರೆ. ಅದೂ ದಂಡಸಹಿತ ಶಾಸನವೇ. ಶಿಕ್ಷೆ ಹುಳದಿಂದ ಕತ್ತೆಗೆ ಇಳಿದಿದೆ, ಅಷ್ಟೇ. ಪಾಲನೆ ಮಾತ್ರ ಆ ಕಾಲದಲ್ಲೂ ಇಷ್ಟೇ ಇದ್ದಿರಬೇಕು.

ಇಲ್ಲಿಯವರೆಗೆ ಕಾಗದವನ್ನು ಗೇಲಿ ಮಾಡಿದೆ. ಈಗ ಅದರ ಪರವಾಗಿ ವಾದ ಮಾಡ್ತೀನಿ, ವಕೀಲನಿಗೆ ಎರಡೂ ಬರಬೇಕು.

ದನಿ ಅಂದರೆ ಬರೀ ಪ್ರೀತಿ ಅಂತ ತಿಳಿಯಬೇಡಿ. ದನಿಯಿಂದ ಮುಚ್ಚಿಡಲೂ ಬರುತ್ತದೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ತಂಗಿಯ ಮನೆಗೆ ಬರುತ್ತಾನೆ. ಜೊತೆಗೆ ಒಂದು ಇಳಕಲ್ ಸೀರೆ, ಧಾರವಾಡ ಪೇಡೆ. “ಏನಿಲ್ಲ ತಂಗೀ, ಸುಮ್ನ ಒಂದ್ ಸಹಿ. ನಾಳೆ ಮುಂಜಾನೆ ಕಚೇರಿಗೆ ಬಂದು ಹೋಗು.” ಆ ‘ಸುಮ್ನ’ ಎಷ್ಟು ಮೆತ್ತಗೆ ಬರುತ್ತದೆ ಅಂದರೆ ಅದರ ಕೆಳಗೆ ನಾಲ್ಕು ಎಕರೆ ಎರೆ ಹೊಲ ಇದೆ ಅಂತ ಗೊತ್ತೇ ಆಗುವುದಿಲ್ಲ.

ಕಚೇರಿಯಲ್ಲಿ ಒಬ್ಬ ಹೆಣ್ಣುಮಗಳು ಕಾಗದ ಕೈಗೆ ತಗೊಂಡದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿತ್ತು. ಆಕೆ ಗುರುತು ಬಿಟ್ಟು ಮೊದಲನೇ ಹಾಳೆಗೆ ಹೋದಳು. ಕನ್ನಡಕ ಏರಿಸಿಕೊಂಡು ಜೋರಾಗಿ ಓದೋಕೆ ಶುರು ಮಾಡಿದಳು. “ಸದರ ಆಸ್ತಿಯಲ್ಲಿನ ನನ್ನ ಹಿಸ್ಸೆಯ ಹಕ್ಕನ್ನು ಯಾವುದೇ ಪ್ರತಿಫಲ ಪಡೆಯದೆ, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ.” ಅಲ್ಲಿ ನಿಲ್ಲಿಸಿದಳು.

“ಅಣ್ಣಾ, ಈ ಸ್ವಸಂತೋಷ ಅನ್ನೂದು ನಂದಾ, ನಿಂದಾ?”

ಬಾಂಡ್ ಬರೆದವರು ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗೆ ಇಟ್ಟರು. ಅವರಿಗೆ ಅನುಭವ ಇರುತ್ತದೆ.

ಅಣ್ಣನ ಬಾಯಲ್ಲಿ ಅಡಗಿದ್ದದ್ದು ಕಾಗದದಲ್ಲಿ ಬೆತ್ತಲೆ ನಿಂತಿತ್ತು. ಹೆಣ್ಣುಮಕ್ಕಳಿಗೆ ಹಿರಿಯರ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಅಷ್ಟರಲ್ಲಿ ಮದುವೆಯಾದವರನ್ನು ಬಿಟ್ಟಿತ್ತು. 2005ರಲ್ಲಿ ದೇಶಕ್ಕೆಲ್ಲ ಬಂದ ತಿದ್ದುಪಡಿ ಅವರನ್ನೂ ಸೇರಿಸಿತು. ಆಮೇಲೂ ಒಂದು ಪ್ರಶ್ನೆ ಉಳಿದಿತ್ತು, 2005ಕ್ಕೆ ಅಪ್ಪ ಬದುಕಿರಬೇಕಾ ಅಂತ. ಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದೆಲ್ಲ ಕಾಗದದಲ್ಲಿ ಬಂತು. ಮನೆಯೊಳಗಿನ ದನಿಗೆ ಬಿಟ್ಟಿದ್ದರೆ ಇನ್ನೂ ನೂರು ವರ್ಷ ಸೀರೆ ಪೇಡೆಯಲ್ಲೇ ಮುಗಿಯುತ್ತಿತ್ತು. ಆ ದಿನ ಸಹಿ ಆಗಲಿಲ್ಲ. ಮನೆಯಲ್ಲಿ ಏನೇನು ಮಾತಾಯಿತೋ ನನಗೆ ಗೊತ್ತಿಲ್ಲ. ಹೊಲ ಮಾತ್ರ ಈಗ ಮೂರು ಹಿಸ್ಸೆ ಆಗಿದೆ, ಮೂರು ಉತಾರ, ಅಂದರೆ ಹೊಲದ ದಾಖಲೆ ಪತ್ರ, ಇವೆ. ಪೇಡೆ ವಾಪಸು ಕೊಟ್ಟಳಾ ಅಂತ ಕೇಳಬೇಡಿ. ಪೇಡೆ ಯಾರಾದರೂ ವಾಪಸು ಕೊಡ್ತಾರಾ?

ದನಿ ದೊಡ್ಡದೋ ಕಾಗದ ದೊಡ್ಡದೋ ಅಂತ ಒಂದು ಸಲ ಇಡೀ ದೇಶದ ಮುಂದೆ ವಾದ ಆಗಿದೆ. ವಾದ ಹೂಡಿದವರು ನಮ್ಮವರೇ. ಕಿರಿಯರು ಪರೀಕ್ಷೆಗೆ ಅಂತ ಓದಿ ಮರೆತಿರುತ್ತೀರಿ. ಎಸ್. ಆರ್. ಬೊಮ್ಮಾಯಿ, ಈಗಿನ ಹಾವೇರಿ ಜಿಲ್ಲೆಯ ಕಾರಡಗಿಯವರು. 1989ರ ಏಪ್ರಿಲ್‌ನಲ್ಲಿ ಅವರು ಮುಖ್ಯಮಂತ್ರಿ. 19 ಶಾಸಕರು ಬೆಂಬಲ ಹಿಂದಕ್ಕೆ ಪಡೆದ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ 7 ಮಂದಿ ಏಪ್ರಿಲ್ 20ರಂದು ತಿರುಗಿ ಬರೆದರು, ನಮಗೆ ತಪ್ಪು ತಿಳಿಸಿ ಸಹಿ ಹಾಕಿಸಿಕೊಂಡಿದ್ದಾರೆ ಅಂತ. ‘ಸುಮ್ನ ಒಂದ್ ಸಹಿ’ ಅಲ್ಲಿಗೂ ಹೋಗಿತ್ತು ಅನ್ನಿ. ಸದನ ಕರೆಯಿರಿ, ಅಲ್ಲೇ ಬಹುಮತ ತೋರಿಸ್ತೀನಿ ಅಂದರು ಬೊಮ್ಮಾಯಿ. ರಾಜ್ಯಪಾಲರು ಕಾಗದ ಎಣಿಸಿದರು, ಏಪ್ರಿಲ್ 21ಕ್ಕೆ ಸರ್ಕಾರ ಹೋಯಿತು. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜರ ಪೀಠದ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜಭವನದ ಕೋಣೆಯಲ್ಲಿ ತೀರ್ಮಾನ ಆಗುವುದಲ್ಲ, ಸದನದಲ್ಲಿ ಎಲ್ಲರ ಎದುರಿಗೆ ಆಗಬೇಕು. ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲ್ಲಾಡಿದರೂ ಇವತ್ತಿಗೂ ಕಾರಡಗಿಯವರ ಹೆಸರು ಹೇಳಲೇಬೇಕು. ಅವರ ಕುರ್ಚಿ ಮಾತ್ರ ಆ ಐದು ವರ್ಷದಲ್ಲಿ ಎಲ್ಲೋ ಹೋಗಿತ್ತು. ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಮಂದಿ ಕೋರ್ಟಿನ ಬಗ್ಗೆ ಅನ್ನುವುದು ಸುಳ್ಳಲ್ಲ.

ಕೊನೆಗೆ ನಮ್ಮ ಧಾರವಾಡದ ಹೈಕೋರ್ಟು. 2008ರಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮುಂಚೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಎರಡು ನಿಮಿಷದ ಮಾತು ಕೇಳಿ, ಮತ್ತೆ ರಾತ್ರಿ ಬಸ್ಸಿಗೆ ಬರುತ್ತಿದ್ದೆವು. ಕೋರ್ಟು ಊರಿಗೆ ಬಂತು, ಭಾಷೆ ಬರಲಿಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಂದು ವಿಭಾಗೀಯ ಪೀಠ ಕನ್ನಡದಲ್ಲೂ ತೀರ್ಪು ಕೊಟ್ಟಾಗ ಅದು ಪತ್ರಿಕೆಗಳಿಗೆ ದೊಡ್ಡ ಸುದ್ದಿ ಆಯಿತು. ಕನ್ನಡನಾಡಿನ ಕೋರ್ಟು ಕನ್ನಡ ಮಾತಾಡಿದ್ದು ಸುದ್ದಿ ಆಗುತ್ತದೆ ಅಂದಮೇಲೆ ಉಳಿದದ್ದು ನೀವೇ ಲೆಕ್ಕ ಹಾಕಿ.

ಹಾಗಾಗಿ ಕೋರ್ಟು ಹಾಲಿನ ಬಾಗಿಲಲ್ಲಿ ವಕೀಲ ದುಭಾಷಿ ಆಗಬೇಕು. ಹೊರಗೆ ಕಕ್ಷಿದಾರ ಕೈಚೀಲ ಹಿಡಿದು ನಿಂತಿರುತ್ತಾನೆ.

“ಏನಾತ್ರಿ ಸಾಹೇಬ್ರ?”

“ಛಲೋ ಆತು. ಸ್ಟೇ ಸಿಕ್ತು.”

“ಸಿಕ್ಕಿದ್ದು ನಮಗೋ, ಅವ್ರಿಗೋ?”

ನಗಬೇಡಿ, ಸರಿಯಾದ ಪ್ರಶ್ನೆ ಅದು. ಇನ್ನೊಬ್ಬರ ಅಪೀಲು ಅವತ್ತು ‘ಅಡ್ಮಿಟ್’ ಆಯಿತು, ಅಂದರೆ ವಿಚಾರಣೆಗೆ ತಗೊಂಡರು. ಅವರು ಖುಷಿಯಲ್ಲಿ ಮನೆಗೆ ಫೋನ್ ಹಚ್ಚಿದರು. “ಅಡ್ಮಿಟ್ ಆತಂತ” ಅಂದರು. ಆ ಕಡೆಯಿಂದ ಅಳುವ ಸಪ್ಪಳ. “ಯಾವ ದವಾಖಾನ್ಯಾಗ್ರೀ? ಮುಂಜಾನೆ ಹೋಗುವಾಗ ಛಲೋನ ಇದ್ದ್ರೆಲ್ಲಾ!” ಇವರು ಎಷ್ಟು ಹೇಳಿದರೂ ಕೇಳದೆ, ಆಕೆ ತಮ್ಮನನ್ನು ಕರೆದುಕೊಂಡು, ಹಾಲು ಬ್ರೆಡ್ಡು ಸಮೇತ ಸಂಜೆಗೆ ಧಾರವಾಡ ಮುಟ್ಟಿದ್ದರು. ಬ್ರೆಡ್ಡು ಎಲ್ಲರೂ ಹಂಚಿಕೊಂಡು ತಿಂದೆವು.

ನನ್ನ ಮಾತು ಮುಗೀತು. ಪ್ರಶ್ನೆ ಇದ್ದರೆ ಕೇಳಿ.

(ಹಿಂದಿನ ಸಾಲಿನಿಂದ ಒಬ್ಬ ಹಿರಿಯ ತಾಯಿ ಎದ್ದರು. ಆ ಮಾತುಕತೆ ಹೀಗಿತ್ತು.)

“ವಕೀಲ್ರ, ಕೈಗಡ ಕೊಡೂಮುಂದ ಕಾಗದ ಮಾಡಿಸ್ಬೇಕೋ ಬ್ಯಾಡೋ?”

“ಬಾಯಿಮಾತಿನ ಸಾಲನೂ ಸಾಲನ ರೀ ಅವ್ವಾರ, ಕಾನೂನು ಒಪ್ತದ. ಆದ್ರ ಕೊಟ್ಟು ಮೂರು ವರ್ಷದೊಳಗ ದಾವಾ ಹಾಕಬೇಕು. ನೀವು ಕೊಟ್ಟದ್ದು ಯಾರಿಗೆ?”

“ನಮ್ಮ ತಮ್ಮಗ.”

“ಯಾವಾಗ?”

“ಅಂವನ ಮದುವ್ಯಾಗ. ಈಗ ಅಂವನ ಮಗಳ ಮದುವಿ ಐತಿ.”

“ಹಂಗಾರ ಮುದ್ದತ್ತು ಮುಗದು ಭಾಳ ವರ್ಷ ಆತು. ಒಂದ ದಾರಿ ಐತಿ. ‘ಆ ಹಳೇ ಸಾಲ ಕೊಡ್ತೀನಿ’ ಅಂತ ಈಗ ಅಂವ ಬರೆದು ಸಹಿ ಮಾಡಿದ್ರ, ಕರಾರು ಕಾಯ್ದೆಯ 25ನೇ ಕಲಂ ಪ್ರಕಾರ ಸತ್ತ ಸಾಲಕ್ಕೂ ಜೀವ ಬರ್ತದ.”

“ಸಹಿ ಕೇಳಿದ ಮ್ಯಾಲೆ ಮದುವಿಗೆ ಕರೀತಾನೇನ್ರಿ ಅಂವ?”

ಅಷ್ಟರಲ್ಲಿ ಸಂಘಟಕರು ಬಂದು ನನ್ನ ಕೈಯಿಂದ ಮೈಕು ತಗೊಂಡರು. ನನ್ನ ಪುಣ್ಯ.